ಕೈ ಕಟ್ಟಿದರೆ ಕೊರಳಿನ ಲೈನ್ ಉಳಿಯುವುದಿಲ್ಲ

ಐಸಿಯುನಲ್ಲಿ ಔಷಧ ಹರಿಸಲು ಕೊರಳಿನ ರಕ್ತನಾಳಕ್ಕೆ ಹಾಕಿದ ಕೊಳವೆ, ಅಂದರೆ ಸೆಂಟ್ರಲ್ ಲೈನ್, ಕಿತ್ತುಬಂದರೆ ಮೊದಲು ಕೇಳಿಬರುವುದು ‘ರೋಗಿಯೇ ಎಳೆದುಕೊಂಡರು’ ಎಂಬ ಮಾತು. ಮರುಗಳಿಗೆಯಲ್ಲೇ ಅವರ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟುತ್ತಾರೆ. ವರ್ಷಗಟ್ಟಲೆ ನರ್ಸ್ ಆಗಿ ದುಡಿದ ನನಗೆ ಆ ಮಾತೂ ಒಪ್ಪಿಗೆಯಿಲ್ಲ, ಆ ಕಟ್ಟೂ ಒಪ್ಪಿಗೆಯಿಲ್ಲ.

ಕೊರಳಿನ ದೊಡ್ಡ ರಕ್ತನಾಳದಿಂದ ಇಳಿಯುವ ಈ ಕೊಳವೆಯ ತುದಿ ಹೃದಯದ ಹೊಸ್ತಿಲಲ್ಲಿ ನಿಂತಿರುತ್ತದೆ. ವಯಸ್ಕರಿಗೆ ಹಾಕುವುದು ಸಾಮಾನ್ಯವಾಗಿ 15ರಿಂದ 20 ಸೆಂಟಿಮೀಟರ್ ಉದ್ದದ್ದು. ರಕ್ತದೊತ್ತಡ ಹಿಡಿದಿಡುವ ನಾರ್‌ಅಡ್ರಿನಲಿನ್ ಅದರಲ್ಲಿ ಹರಿಯುತ್ತಿದ್ದರೆ, ಲೈನ್ ಕಳಚಿದ ಕೆಲವೇ ನಿಮಿಷಗಳಲ್ಲಿ ಒತ್ತಡ ಕುಸಿಯುತ್ತದೆ. ಪೂರ್ತಿ ಹೊರಬಂದದ್ದಾದರೂ ಕಣ್ಣಿಗೆ ಬೀಳುತ್ತದೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಅರ್ಧ ಜಾರಿದ ಲೈನ್. ಮೂರು ಕವಲಿನ ಕೊಳವೆಯಲ್ಲಿ ಮೂರು ರಂಧ್ರಗಳೂ ಒಂದೇ ಕಡೆ ಇರುವುದಿಲ್ಲ. ತುದಿ ಇನ್ನೂ ನಾಳದೊಳಗೇ ಇರುವಾಗ ಹಿಂದಿನ ರಂಧ್ರ ಹೊರಗೆ ಬಂದು, ಔಷಧ ಮಾಂಸದೊಳಗೆ ಸೋರಿ ಅದನ್ನು ಕೊಳೆಸಬಲ್ಲದು. ಕೊಳವೆಯ ಮೇಲೆ ಸೆಂಟಿಮೀಟರ್ ಗುರುತುಗಳಿರುವುದು ಇದಕ್ಕಾಗಿಯೇ. ಚರ್ಮದ ಬಳಿ ಯಾವ ಅಂಕಿ ಇದೆ ಎಂದು ಪ್ರತಿ ಪಾಳಿಯಲ್ಲೂ ನೋಡಿ ಬರೆಯಲು ಅರ್ಧ ನಿಮಿಷ ಸಾಕು.

ರೋಗಿ ಎಳೆದುಕೊಳ್ಳುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ನನ್ನ ಕಣ್ಣೆದುರೇ ಲೈನ್ ಜಾರಿದ್ದು ಹೆಚ್ಚಾಗಿ ನಾವು ಆಸ್ಪತ್ರೆಯ ಸಿಬ್ಬಂದಿಯೇ ರೋಗಿಯನ್ನು ಅಲುಗಾಡಿಸಿದಾಗ. ಸ್ಕ್ಯಾನಿಂಗ್‌ಗೆಂದು ಸ್ಟ್ರೆಚರ್‌ಗೆ ಎತ್ತುತ್ತೇವೆ, ಬೆನ್ನು ಹುಣ್ಣಾಗದಿರಲಿ ಎಂದು ಮಗ್ಗುಲು ಬದಲಿಸುತ್ತೇವೆ, ಹಾಸಿಗೆಯ ಬಟ್ಟೆ ಎಳೆಯುತ್ತೇವೆ. ರೋಗಿ ಒಂದು ಕಡೆ, ಸಿರಿಂಜ್ ಪಂಪ್ ಇನ್ನೊಂದು ಕಡೆ, ನಡುವೆ ಬಿಗಿದ ಟ್ಯೂಬ್. ಎತ್ತುವಾಗ ಒಬ್ಬರ ಕೈ ಮತ್ತು ಕಣ್ಣು ಲೈನ್ ಮೇಲೆ ಮಾತ್ರ ಇರಬೇಕು, ಅವರು ‘ಸರಿ’ ಎಂದ ಮೇಲೆಯೇ ಉಳಿದವರು ಎತ್ತಬೇಕು. ಎತ್ತುವವರು ಬಹುತೇಕ ವಾರ್ಡ್ ಬಾಯ್ ಮತ್ತು ಆಯಾ. ಆದರೂ ತರಬೇತಿಗೆ ಕರೆಯುವಾಗ ಅವರ ನೆನಪೇ ಯಾರಿಗೂ ಆಗುವುದಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಇನ್ನು ಕೈ ಕಟ್ಟುವ ವಿಷಯ. ಜ್ವರ, ನೋವು, ನಿದ್ದೆಗೇಡಿನಿಂದ ಗಲಿಬಿಲಿಗೊಂಡ ಮನುಷ್ಯನನ್ನು ಕಟ್ಟಿಹಾಕಿದರೆ ಅವನು ಇನ್ನಷ್ಟು ಒದ್ದಾಡುತ್ತಾನೆ. ನೋವಿಗೆ ಸರಿಯಾದ ಔಷಧ ಕೊಡಿ. ಕನ್ನಡಕ, ಶ್ರವಣಯಂತ್ರ ಇದ್ದರೆ ಹಾಕಿಸಿ. ರಾತ್ರಿ ದೀಪ ತಗ್ಗಿಸಿ. ಟ್ಯೂಬನ್ನು ಕೈಗೆ ಎಟುಕದಂತೆ ಹಿಂದಕ್ಕೆ ಒಯ್ದು ಅಂಟಿಸಿ. ಮಗಳನ್ನು ಒಳಗೆ ಬಿಟ್ಟು, ‘ಅಪ್ಪಾ, ನಾನಿದ್ದೇನೆ’ ಎಂದು ಹೇಳಲು ಅವಕಾಶ ಕೊಡಿ. ಲೈನ್ ಇವತ್ತೂ ಬೇಕೇ ಎಂದು ವೈದ್ಯರನ್ನು ದಿನವೂ ಕೇಳಿ. ಬೇಡದ ಲೈನ್ ತೆಗೆದುಬಿಟ್ಟರೆ ಅದು ಕಿತ್ತುಬರುವ ಪ್ರಶ್ನೆಯೇ ಇಲ್ಲ.

ಡ್ರೆಸಿಂಗ್ ಬಗ್ಗೆಯೂ ಒಂದು ಮಾತು. ಪಾರದರ್ಶಕ ಡ್ರೆಸಿಂಗ್ ಏಳು ದಿನ ಇರಬಹುದು ಎಂಬ ನಿಯಮವನ್ನು ಹಿಡಿದುಕೊಂಡು, ಬೆವರಿಗೆ ಅಂಚು ಎದ್ದರೂ ಏಳನೇ ದಿನಕ್ಕೆ ಕಾಯುವವರಿದ್ದಾರೆ. ಸಡಿಲವಾಯಿತೆಂದರೆ ಆಗಲೇ ಬದಲಿಸಬೇಕು. ಹೊಲಿಗೆಯೊಂದನ್ನೇ ನಂಬುವುದೂ ತಪ್ಪು. ಹೊಲಿಗೆಯಿಲ್ಲದೆ ಕೊಳವೆಯನ್ನು ಚರ್ಮಕ್ಕೆ ಹಿಡಿದಿಡುವ ಅಂಟುಪಟ್ಟಿಗಳಿವೆ. ಸೋಂಕು ತಗ್ಗಿಸಲು ಅವನ್ನು ಬಳಸಿ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2011ರ ಮಾರ್ಗಸೂಚಿಯಲ್ಲೇ ಹೇಳಿದೆ.

ಕೊರಳಿನಲ್ಲಿ ಲೈನ್ ಇಟ್ಟುಕೊಂಡು ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್‌ಗೆ ಬಸ್ಸಿನಲ್ಲಿ ಓಡಾಡುವವರನ್ನು ನೆನೆದರೆ ಸಂಕಟವಾಗುತ್ತದೆ. ಚರ್ಮದಡಿ ಸುರಂಗ ಮಾಡಿ ಹಾಕಿದ ಡಯಾಲಿಸಿಸ್ ಕೊಳವೆ ಪರ್ಮ್‌ಕ್ಯಾತ್ ಆದರೂ, ಅದರ ಸುತ್ತ ಇರುವ ಪಟ್ಟಿಗೆ ಮಾಂಸ ಬೆಸೆದುಕೊಳ್ಳಲು ಕೆಲವು ವಾರಗಳೇ ಬೇಕು. ಅಲ್ಲಿಯವರೆಗೆ ಹೊಲಿಗೆಯೇ ಆಧಾರ. ತಾಳಿ ಸರ, ಹೆಗಲ ಟವೆಲ್, ತಲೆಯ ಮೇಲಿಂದ ಎಳೆದು ತೆಗೆಯುವ ಬನಿಯನ್ ಎಲ್ಲವೂ ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಮುಂದೆ ಗುಂಡಿಯಿರುವ ಅಂಗಿಯೇ ವಾಸಿ.

ಲೈನ್ ಹೊರಬಂದರೆ ರೋಗಿಯನ್ನು ಕೂಡಿಸಬೇಡಿ. ಉಸಿರೆಳೆದಾಗ ಆ ತೂತಿನಿಂದ ಗಾಳಿ ರಕ್ತನಾಳಕ್ಕೆ ನುಗ್ಗಬಹುದು. ತಕ್ಷಣ ದಿಂಬು ತೆಗೆದು ಅಂಗಾತ ಮಲಗಿಸಿ, ಶುದ್ಧ ಬಟ್ಟೆಯಿಂದ ಜಾಗವನ್ನು ಬಿಡದೆ ಒತ್ತಿಹಿಡಿದು 108ಕ್ಕೆ ಕರೆ ಮಾಡಿ. ಜಾರಿದ ಕೊಳವೆಯನ್ನು ಒಳಕ್ಕೆ ತಳ್ಳಲೇಬೇಡಿ. ಲೈನ್ ಹಾಕಿಸಿಕೊಂಡು ಮನೆಗೆ ಹೊರಡುವ ಪ್ರತಿಯೊಬ್ಬರಿಗೂ ಆಸ್ಪತ್ರೆಯವರು ಇದನ್ನು ಕನ್ನಡದಲ್ಲಿ ಹೇಳಬೇಕು. ಎಲ್ಲಿ, ಹೇಗೆ ಒತ್ತಬೇಕು ಎಂಬುದನ್ನು ಜೊತೆಗೆ ಬಂದವರಿಗೆ ತೋರಿಸಿಯೇ ಕಳಿಸಬೇಕು.