ಮಿಸ್ ರಜೆಯಲ್ಲಿ ಮನೆಯಲ್ಲಿದ್ದಾರೆ

ಕುಕ್ಕರ್‌ನಲ್ಲಿ ಕೇಕ್ ಮಾಡುವಾಗ ಗ್ಯಾಸ್ಕೆಟ್ ತೆಗೆಯಬೇಕು, ವೆಯ್ಟ್ ತೆಗೆಯಬೇಕು, ತಳಕ್ಕೆ ನೀರಿನ ಬದಲು ಉಪ್ಪು ಹರಡಬೇಕು. ಇಷ್ಟೂ ನನಗೆ ಗೊತ್ತಿತ್ತು. ಸಿಲಿಂಡರ್‌ನಲ್ಲಿ ಗ್ಯಾಸ್ ಎಷ್ಟು ಉಳಿದಿದೆ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಹತ್ತನೇ ತರಗತಿಯ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠದಲ್ಲಿ ಅಡುಗೆ ಸೋಡಾ ಬರುತ್ತದೆ. ಸೋಡಾಕ್ಕೆ ಹುಳಿ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಹೊರಟು ಕೇಕ್ ಉಬ್ಬುತ್ತದೆ, ಬರೀ ಸೋಡಾ ಕಾಯಿಸಿದರೆ ಸೋಡಿಯಂ ಕಾರ್ಬೊನೇಟ್ ಉಳಿದು ಕಹಿಯಾಗುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತೇನೆ. ಕೇಕ್ ಮಾತ್ರ ಯಾವತ್ತೂ ಮಾಡಿರಲಿಲ್ಲ. ಈ ಸಲ ದಸರಾ ರಜೆಯಲ್ಲಿ ಕೇಕ್ ಆಗಬೇಕು, ಗೊಂಬೆ ನೋಡಲು ಬರುವ ಮಕ್ಕಳಿಗೆ ಕೋಡುಬಳೆ ಆಗಬೇಕು, ಮಗಳಿಗೆ ನನ್ನ ಹಳೇ ರೇಷ್ಮೆ ಸೀರೆಯಲ್ಲಿ ಲಂಗ ಆಗಬೇಕು ಎಂದುಕೊಂಡೆ. ಎಂಟನೇ ತರಗತಿಯ ಉತ್ತರ ಪತ್ರಿಕೆಗಳ ಕಟ್ಟನ್ನು ಸರಸ್ವತಿ ಪೂಜೆಗೆಂದು ದೇವರ ಮನೆಯಲ್ಲಿಟ್ಟೆ. ಪೂಜೆಗಿಟ್ಟದ್ದನ್ನು ಮುಟ್ಟೋ ಹಾಗಿಲ್ಲ, ಅಲ್ವಾ?

"ಸರಸ್ವತಿ ಪೂಜೆಗೆ ಇನ್ನೂ ದಿನ ಇದೆಯಲ್ಲಮ್ಮ" ಎಂದರು ಅತ್ತೆ.

"ಮೊದಲೇ ಇಟ್ಟರೆ ಪುಣ್ಯ ಜಾಸ್ತಿ ಅತ್ತೆ" ಎಂದೆ.

ಕೇಕಿಗೆ ಮೊಸರು, ಸೋಡಾ, ಮೈದಾ ಎಲ್ಲ ಅಳತೆ ಹಾಕಿ ಕಲಸಿ, ಕುಕ್ಕರ್ ಬಿಸಿ ಮಾಡಿ, ಡಬ್ಬಿ ಒಳಗಿಟ್ಟು ನಲವತ್ತು ನಿಮಿಷಕ್ಕೆ ಅಲಾರಂ ಇಟ್ಟೆ. ಮನೆಯೆಲ್ಲ ವೆನಿಲಾ ಘಮ. ಅರ್ಧ ದಾರಿಯಲ್ಲಿ ಒಲೆ ಸುಮ್ಮನಾಯಿತು. ನಮ್ಮದು ಒಂದೇ ಸಿಲಿಂಡರ್. ಯಜಮಾನರು ಬಂದು ಅದನ್ನು ಎತ್ತಿದರು, ಅಲ್ಲಾಡಿಸಿದರು, ಕಿವಿಗೊಟ್ಟು ಕೇಳಿದರು. ತುಂಬಿದಾಗ ಅದರಲ್ಲಿ 14.2 ಕೆಜಿ ಗ್ಯಾಸ್ ಇತ್ತು ಅನ್ನೋ ಮಾಹಿತಿ ಕೊಟ್ಟು ಹೋಗಿ ಪೇಪರ್ ಓದತೊಡಗಿದರು.

ಮಗಳು ಬಿಡಬೇಕಲ್ಲ. "ಅಮ್ಮ, ಸಿಲಿಂಡರ್ ಮೇಲೆ ಒದ್ದೆ ಬಟ್ಟೆ ಎಳೆದು ನೋಡಿದರೆ ಗ್ಯಾಸ್ ಇರೋ ಕಡೆ ಬೇಗ ಒಣಗಲ್ಲ ಅಂತ ನೀನೇ ಕ್ಲಾಸಲ್ಲಿ ಹೇಳಿದ್ದಲ್ವಾ?" ತಾಯಿ ಕಲಿಸುವ ಶಾಲೆಗೇ ಮಕ್ಕಳನ್ನು ಸೇರಿಸಬಾರದು.

ಇಂಡಕ್ಷನ್ ಒಲೆ ಇತ್ತು. ಆದರೆ ಕುಕ್ಕರ್ ಅಲ್ಯೂಮಿನಿಯಂನದು. ನಮ್ಮ ಇಂಡಕ್ಷನ್ ಅದನ್ನು ಪಾತ್ರೆ ಅಂತಲೇ ಒಪ್ಪುವುದಿಲ್ಲ, ಪಿಂಯ್ ಪಿಂಯ್ ಎಂದು ಕೂಗಿ ಆರಿಹೋಗುತ್ತದೆ. ಅದು ಯಾಕೆ ಎಂದು ನಾನು ಮಗಳಿಗೆ ವಿವರಿಸುತ್ತಿರುವಾಗ ಅತ್ತೆ ಕಬ್ಬಿಣದ ದೋಸೆ ಕಾವಲಿ ತಂದು ಇಂಡಕ್ಷನ್ ಮೇಲಿಟ್ಟರು. ಡಬ್ಬಿಯ ತಳದಲ್ಲಿ ಬೆಂದದ್ದನ್ನು ಬಿಟ್ಟು, ಮೇಲಿನ ಹಸಿ ಹಿಟ್ಟನ್ನು ಸೌಟಿನಲ್ಲಿ ತೆಗೆದು, ತುಪ್ಪ ಸವರಿ ಹುಯ್ದರು. ಆಮ್ಲ, ಪ್ರತ್ಯಾಮ್ಲ, ಲವಣ ಎಲ್ಲ ಸೇರಿ ಸಿಹಿ ದೋಸೆ ಆಯಿತು. ಚೆನ್ನಾಗಿಯೇ ಇತ್ತು, ಅದೇ ಬೇಜಾರು. ತಳದ ಕೇಕಿನ ಬಗ್ಗೆ ಯಾರೂ ವಿಚಾರಿಸಲಿಲ್ಲ.

ಕೋಡುಬಳೆಯ ವಿಷಯ ಬೇಗ ಮುಗಿಸುತ್ತೇನೆ. ಹಿಟ್ಟಿಗೆ ಕಾದ ಎಣ್ಣೆ ಹಾಕಬೇಕು, ಎಷ್ಟು ಎಂದು ಅತ್ತೆಯನ್ನು ಕೇಳಿದರೆ "ಹಿಟ್ಟು ಹಿಡಿಸಿದಷ್ಟು" ಅಂದರು. ಸಂಜೆ ಬೀದಿಯ ಮಕ್ಕಳು "ಗೊಂಬೆ ಕೂರ್ಸಿದೀರಾ?" ಎಂದು ಕೂಗುತ್ತ ಬಂದವು. ಅದರಲ್ಲಿ ನನ್ನ ಕ್ಲಾಸಿನವನೂ ಒಬ್ಬ. ಕಟಂ ಎಂದು ಕಚ್ಚಿದ. ಮುರಿದದ್ದು ಕೋಡುಬಳೆಯೋ ಹಲ್ಲೋ ಎಂದು ನನಗೆ ಗಾಬರಿ. ಹುಡುಗ ಒಳ್ಳೆಯವನು. "ಮಿಸ್, ಮನೆಗೆ ತಗೊಂಡು ಹೋಗಿ ತಿಂತೀನಿ" ಎಂದು ಜೇಬಿಗಿಳಿಸಿದ.

ಹೊಲಿಗೆ ಮೆಷಿನ್ ಅತ್ತೆಯ ಕಾಲದ್ದು, ಕಾಲಲ್ಲಿ ತುಳಿಯುವಂಥದ್ದು. ಅದಕ್ಕೆ ವರ್ಷಕ್ಕೊಮ್ಮೆ ಕೆಲಸ: ಆಯುಧಪೂಜೆಯ ದಿನ ಕುಂಕುಮ ಇಡಿಸಿಕೊಳ್ಳುವುದು. ಉಳಿದ ದಿನ ಅದರ ಮೇಲೆ ಇಸ್ತ್ರಿ ಬಟ್ಟೆ. ಸೂಜಿಯ ಚೂಪು ತುದಿಯಲ್ಲೇ ಕಣ್ಣಿರುವ ಮೆಷಿನ್ನಿಗೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ. ಆ ಕಣ್ಣಿಗೆ ದಾರ ಪೋಣಿಸುವವರಿಗೆ ನಲವತ್ತು ದಾಟಿರಬಹುದು ಎಂದು ಅವನು ಯೋಚಿಸಿದಂತೆ ಕಾಣುವುದಿಲ್ಲ. ಕೊನೆಗೆ ಮಗಳು ಪೋಣಿಸಿದಳು. ತುಳಿದೆ. ಚಕ್ರ ಹಿಂದಕ್ಕೆ ತಿರುಗಿತು, ದಾರ ಕಿತ್ತಿತು. ಮತ್ತೆ ತುಳಿದೆ, ಮತ್ತೆ ಹಿಂದಕ್ಕೇ. ಕೈಯಲ್ಲಿ ಚಕ್ರವನ್ನು ನಮ್ಮ ಕಡೆಗೆ ಎಳೆದು ಆಮೇಲೆ ತುಳಿಯಬೇಕಂತೆ. ಹಾಗೆ ಮಾಡಿದ ಮೇಲೆ ಓಡಿತು, ನಿಲ್ಲಿಸುವುದು ಹೇಗೆ ಎಂದು ಕೇಳುವಷ್ಟರಲ್ಲಿ ಬಟ್ಟೆ ದಾಟಿ ಹೋಗಿತ್ತು. ಮೇಲೆ ನೋಡಿದರೆ ನೆಟ್ಟಗಿನ ಹೊಲಿಗೆ. ತಿರುಗಿಸಿ ನೋಡಿದರೆ ಅಡಿಯಲ್ಲಿ ದಾರವೆಲ್ಲ ಕುಣಿಕೆ ಕುಣಿಕೆಯಾಗಿ ಗುಬ್ಬಿಗೂಡು. ಮೇಲಿನ ದಾರ ಸಡಿಲವಾದರೆ ಹಾಗಾಗುತ್ತದಂತೆ.

ಅದಾದರೂ ಸರಿಹೋಗುತ್ತಿತ್ತು. ಸೀರೆಯೇ ಕೈಕೊಟ್ಟಿತು. ರೇಷ್ಮೆ ಸೀರೆಯನ್ನು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಮಡಿಕೆಯ ಗೆರೆಯಲ್ಲೇ ಬಿಟ್ಟುಕೊಳ್ಳುತ್ತದೆ. ನೆರಿಗೆ ಹಿಡಿದಲ್ಲೆಲ್ಲ ಚರ್ ಎಂದಿತು. ಹರಿದದ್ದನ್ನು ಕತ್ತರಿಸಿದೆ. ಮಗಳ ಲಂಗ ಮೊಣಕಾಲಿಗೆ ಬಂತು. ಇನ್ನೊಂದು ಕಡೆ ಹರಿಯಿತು. ಎದುರು ಮನೆಯ ಪಾಪುವಿಗೆ ಆಗಬಹುದು ಅನ್ನಿಸಿತು. ಆಮೇಲೆ ಪಾಪುವಿಗೂ ಆಗಲಿಲ್ಲ.

ಅತ್ತೆ ಉಳಿದ ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಗೊಂಬೆ ಸಾಲಿನ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳಿದ್ದವು, ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ರಾಜ, ರಾಣಿ. ಆ ರಾಣಿಗೆ ಸುತ್ತಿ ನೋಡಿದರೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಜರಿ ಅಂಚು ಸರಿಯಾಗಿ ಪಾದದ ಮೇಲೆ ಬಂತು. ಗುಬ್ಬಿಗೂಡು ಒಳಗಡೆ.

ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯವರು ಅದನ್ನೇ ನೋಡುತ್ತ ನಿಂತರು. "ಎಲ್ಲಿ ಹೊಲಿಸಿದ್ರಿ?"

"ನಮ್ಮ ಸೊಸೇನೇ ಹೊಲಿದಿದ್ದು. ರಜೆಯಲ್ಲಿ ಸುಮ್ನೆ ಕೂರೋಳಲ್ಲ" ಎಂದರು ಅತ್ತೆ, ನನ್ನ ಮುಖ ನೋಡದೆ.

"ಹೌದಾ ಮಿಸ್? ಹಾಗಾದ್ರೆ ನನ್ನ ಮಗಳದು ಎರಡು ಬ್ಲೌಸ್ ಇದೆ."

"ನಾಳೆ ಆಯುಧಪೂಜೆ, ಮೆಷಿನ್ ಮುಟ್ಟೋ ಹಾಗಿಲ್ಲ."

"ನಾಡಿದ್ದು ತರ್ತೀನಿ."

"ಜಂಬೂಸವಾರಿ ನೋಡಬೇಕು."

"ಮಾರನೇ ದಿನ?"

ನಾನು ಎದ್ದು ದೇವರ ಮನೆಗೆ ಹೋಗಿ ಉತ್ತರ ಪತ್ರಿಕೆಗಳ ಕಟ್ಟನ್ನು ತಂದು ಅವರ ಮುಂದಿಟ್ಟೆ.