ಡೇಡ್ರೀಮ್ ಗಣಿಯಲ್ಲಿ ಬಗ್ಗಿ ನಡೆದ ಒಂದು ಗಂಟೆ

ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಊರು ನ್ಯೂ ಸೌತ್ ವೇಲ್ಸ್ ರಾಜ್ಯಕ್ಕೆ ಸೇರಿದ್ದರೂ ಅಲ್ಲಿನ ಗಡಿಯಾರಗಳು ಪಕ್ಕದ ರಾಜ್ಯದ ಅಡಿಲೇಡಿನ ಸಮಯವನ್ನೇ ತೋರಿಸುತ್ತವೆ. ಸಿಡ್ನಿ ಅಲ್ಲಿಂದ ಸಾವಿರ ಕಿಲೋಮೀಟರಿಗೂ ದೂರ. ಅಡಿಲೇಡು ಅದರ ಅರ್ಧದಷ್ಟು. ಅದಿರು ಸಾಗಿಸುವ ರೈಲುಮಾರ್ಗ 1888ರಲ್ಲೇ ದಕ್ಷಿಣ ಆಸ್ಟ್ರೇಲಿಯಾದ ಕಡೆಗೆ ತೆರೆದುಕೊಂಡಿತ್ತು. ಸಿಡ್ನಿಯ ರೈಲು ಸಂಪರ್ಕ ಪೂರ್ಣಗೊಂಡದ್ದು 1927ರಲ್ಲಿ. ಕೆಲಸದ ನಿಮಿತ್ತ ಅಡಿಲೇಡಿನಲ್ಲಿರುವ ನಾನು ಕಳೆದ ಚಳಿಗಾಲದಲ್ಲಿ ಅಲ್ಲಿಗೆ ಹೋಗಿದ್ದು ಊರು ನೋಡಲು ಅಲ್ಲ, ಅದರ ಹೊರಗಿರುವ, ಅದಕ್ಕಿಂತ ಹಳೆಯದಾದ ಡೇಡ್ರೀಮ್ ಎಂಬ ಬೆಳ್ಳಿಗಣಿಯೊಳಗೆ ಇಳಿಯಲು.

ಸಿಲ್ವರ್ಟನ್ನಿಗೆ ಹೋಗುವ ಹೆದ್ದಾರಿಯಿಂದ ಕವಲೊಡೆಯುವ ಮಣ್ಣಿನ ರಸ್ತೆಯಲ್ಲಿ ಕೆಂಪು ಧೂಳು ಕುಡಿಯುತ್ತಾ ಹೋದರೆ, ಕುರುಚಲು ಗಿಡಗಳ ಬೋಳುಗುಡ್ಡದ ಮೇಲೆ ಕುಸಿದ ಕಲ್ಲುಗೋಡೆಗಳು ಕಾಣಿಸುತ್ತವೆ. 1882ರಲ್ಲಿ ಇಲ್ಲಿ ಬೆಳ್ಳಿಯ ಅದಿರು ಸಿಕ್ಕಿತು. ಮರುವರ್ಷವೇ ಚಾರ್ಲ್ಸ್ ರ‍್ಯಾಸ್ಪ್ ಎಂಬ ಕುರಿ ಫಾರ್ಮಿನ ಬೇಲಿ ಕಾಯುವ ನೌಕರ ಬ್ರೋಕನ್ ಹಿಲ್ಲಿನ ಗುಡ್ಡದಲ್ಲಿ ತವರ ಇದೆಯೆಂದು ಭಾವಿಸಿ ಗಣಿ ಹಕ್ಕಿಗಾಗಿ ಗುರುತು ಹಾಕಿಸಿದ. ಸಿಕ್ಕಿದ್ದು ಬೆಳ್ಳಿ, ಸೀಸ, ಸತುಗಳ ಮಹಾನಿಕ್ಷೇಪ. ಆತನೂ ಸೇರಿ ಏಳು ಮಂದಿ ಕಟ್ಟಿದ ಕೂಟದಿಂದ 1885ರಲ್ಲಿ ಹುಟ್ಟಿದ ಕಂಪನಿಯೇ ಇಂದಿನ ದೈತ್ಯ ಗಣಿ ಸಂಸ್ಥೆ ಬಿಎಚ್‌ಪಿ. ಡೇಡ್ರೀಮಿನ ಜನ, ಸಿಲ್ವರ್ಟನ್ನಿನ ಜನ, ಕೆಲವರಂತೂ ಮನೆಗಳನ್ನೇ ಕಳಚಿ ಹೊತ್ತುಕೊಂಡು, ಅತ್ತ ಹೊರಟುಹೋದರು. ಈ ಅದೃಷ್ಟವಂತರ ಕತೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೂ ಬಹಳ ಹಿಂದಿನಿಂದ ಈ ನೆಲದಲ್ಲಿ ಬಾಳಿದ ವಿಲ್ಯಕಾಲಿ ಜನರನ್ನು ಕುರಿತು ಆ ದಿನ ನನ್ನ ಕಿವಿಗೆ ಬಿದ್ದದ್ದು ಒಂದೇ ವಾಕ್ಯ.

ಆದರೆ ಹೆಲ್ಮೆಟ್ ತೊಟ್ಟು, ಸೊಂಟಕ್ಕೆ ದೀಪದ ಬ್ಯಾಟರಿ ಕಟ್ಟಿಕೊಂಡು ಕೆಳಗಿಳಿದ ಮೇಲೆ ಆ ಕತೆಯ ಹೊಳಪು ಉಳಿಯುವುದಿಲ್ಲ. ಒಳಗೆ ನೆಟ್ಟಗೆ ನಿಲ್ಲುವ ಜಾಗ ಕಡಿಮೆ. ಅದಿರಿನ ಎಳೆ ಎಷ್ಟು ಅಗಲವೋ ಅಷ್ಟೇ ಅಗೆಯುತ್ತಿದ್ದರು, ಬರಿಯ ಕಲ್ಲಿಗೆ ಕೂಲಿ ಕೊಡುವವರಿಲ್ಲವಲ್ಲ! ಹತ್ತು ಹೆಜ್ಜೆಗೊಮ್ಮೆ ನನ್ನ ಹೆಲ್ಮೆಟ್ ಬಂಡೆಗೆ ಬಡಿಯುತ್ತಿತ್ತು. ಒಂದು ಕಡೆ ಗೋಡೆಯಲ್ಲಿ ಸಿಡಿಮದ್ದು ತುಂಬಲು ಕೊರೆದು, ಯಾಕೋ ಸಿಡಿಸದೆ ಬಿಟ್ಟ ತೂತೊಂದಿತ್ತು. ಒಬ್ಬ ಉಕ್ಕಿನ ಉಳಿಯನ್ನು ಹಿಡಿದು ಪ್ರತಿ ಪೆಟ್ಟಿಗೂ ಸ್ವಲ್ಪ ತಿರುಗಿಸುವುದು, ಇನ್ನೊಬ್ಬ ಸುತ್ತಿಗೆಯಿಂದ ಹೊಡೆಯುವುದು, ಇಬ್ಬರಿಗೂ ಬೆಳಕೆಂದರೆ ಬಂಡೆಯ ಬಿರುಕಿಗೆ ಸಿಕ್ಕಿಸಿದ ಒಂದು ಮೇಣದಬತ್ತಿ. ತೂತಿಗೆ ಬೆರಳು ಹಾಕಿ ನೋಡಿದೆ. ಒಳಗೋಡೆ ನುಣುಪಾಗಿ, ತಣ್ಣಗೆ, ಒರಳುಕಲ್ಲಿನ ಕುಳಿಯಂತಿತ್ತು. ಏಳೆಂಟು ವರ್ಷದ ಹುಡುಗರೂ ಇಲ್ಲಿ ದುಡಿದಿದ್ದರೆಂದು ಮಾರ್ಗದರ್ಶಕಿ ಹೇಳಿದರು, ಹೇಳಿ ಕ್ಷಣಕಾಲ ಸುಮ್ಮನಾದರು.

ಮೇಲೆ ಬಂದೊಡನೆ ಜ್ಯಾಮ್, ಕೆನೆ ಸವರಿದ ಸ್ಕೋನು ಎಂಬ ಬಿಸಿ ಬನ್ನು ಮತ್ತು ಚಹಾ. ಮಕ್ಕಳ ದುಡಿಮೆಯ ಕತೆ ಕೇಳಿ ಐದು ನಿಮಿಷವೂ ಆಗಿರಲಿಲ್ಲ. ಮೊದಲು ಇರಿಸುಮುರಿಸಾಯಿತು, ಆಮೇಲೆ ಎರಡನ್ನು ತಿಂದೆ. ನನ್ನ ದೂರು ಸ್ಕೋನಿನ ಮೇಲಲ್ಲ. ಇಂಥ ಪ್ರವಾಸಗಳಲ್ಲಿ ಕಷ್ಟವನ್ನು ಹಳೆಯ ಕಾಲದ ವಿಚಿತ್ರವೆಂಬಂತೆ ತೋರಿಸಿ, ಅದು ಹೇಗೆ ಕೊನೆಗೊಂಡಿತು ಎಂಬುದನ್ನು ಬಿಟ್ಟುಬಿಡುತ್ತಾರೆ ಎಂಬುದು ನನ್ನ ಆಕ್ಷೇಪ. ಅದು ತಾನಾಗಿ ಕೊನೆಗೊಳ್ಳಲಿಲ್ಲ. ಬ್ರೋಕನ್ ಹಿಲ್ಲಿನ ಕಾರ್ಮಿಕರು 1892ರಲ್ಲಿ ಮುಷ್ಕರ ಹೂಡಿ ಸೋತರು. 1919ರಲ್ಲಿ ಮತ್ತೆ ಹೂಡಿ ಹದಿನೆಂಟು ತಿಂಗಳು ಹಸಿವು ಸಹಿಸಿ, ವಾರಕ್ಕೆ 35 ಗಂಟೆಯ ದುಡಿಮೆಯನ್ನು ಗೆದ್ದುಕೊಂಡರು. ಊರ ನಡುವಿನ ಅದಿರಿನ ಕಸದ ದಿಬ್ಬದ ಮೇಲೆ 2001ರಲ್ಲಿ ತೆರೆದ ಸ್ಮಾರಕದಲ್ಲಿ, ಗಣಿಗಳಲ್ಲಿ ಸತ್ತ ಎಂಟು ನೂರಕ್ಕೂ ಹೆಚ್ಚು ಮಂದಿಯ ಹೆಸರಿನ ಜೊತೆ ಸಾವಿನ ಕಾರಣವನ್ನೂ ಬರೆದಿದ್ದಾರೆ. ಗಣಿಯ ಪ್ರವಾಸ ಆ ಗೋಡೆಯ ಮುಂದೆ ಮುಗಿಯಬೇಕು. ಎರಡನ್ನೂ ಒಂದೇ ದಿನ ನೋಡಿ ಎಂದು ಹೋಗುವವರಿಗೆಲ್ಲ ಹೇಳುತ್ತಿದ್ದೇನೆ.

ಅದೇ 2001ರಲ್ಲಿ ನಮ್ಮ ಕೆಜಿಎಫ್ ಮುಚ್ಚಿತು. ಅಲ್ಲಿಗೂ ಇಲ್ಲಿಗೂ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ನುರಿತ ಗಣಿಗಾರರು ಬಂದಿದ್ದರು. ಮೂರು ಕಿಲೋಮೀಟರಿಗೂ ಆಳಕ್ಕಿಳಿದ, ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದ ನನ್ನ ಸೋದರಮಾವನಿಗೆ ಆ ರಾತ್ರಿಯೇ ಫೋನು ಮಾಡಿ, ಗಣಿಗೆ ಇಳಿದು ಬಂದೆ ಎಂದು ಹೆಮ್ಮೆಯಿಂದ ಹೇಳಿದೆ.

"ಒಳಗೆ ಸೆಖೆ ಹೆಂಗಿತ್ತಪ್ಪ?" ಎಂದು ಕೇಳಿದರು.

"ಸೆಖೆ ಇರಲಿಲ್ಲ ಮಾವ, ತಣ್ಣಗಿತ್ತು."

"ಹಂಗಾದ್ರೆ ನೀನು ಬಾಗಿಲು ನೋಡ್ಕೊಂಡು ಬಂದಿದ್ದೀಯ, ಬಿಡು."