ಕಾಚಂಪುಳಿಗೂ ನೊರೆ ಬರುತ್ತದೆ

ಮೊನ್ನೆ ಸಂತೆ ದಿನ. ಕೊಡಗಿನ ಸಿದ್ದಾಪುರದ ನಮ್ಮ ಮೆಡಿಕಲ್ ಶಾಪಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಒಬ್ಬಳು ಹುಡುಗಿ ಮೂಲೆಯಲ್ಲಿ ನಿಂತು ಕೊಡೆಯ ನೀರು ಕೊಡವುತ್ತಿದ್ದಳು. ಗಂಡಸರೆಲ್ಲ ಹೋಗುವವರೆಗೂ ಕೊಡವಿದಳು. ಆಮೇಲೆ ಬಂದು ಒಂದು ಶೀಟ್ ಪ್ಯಾರಾಸಿಟಮಾಲ್ ತಗೊಂಡಳು. ದುಡ್ಡು ಕೊಟ್ಟಳು, ಹೋಗಲಿಲ್ಲ.

"ಅಕ್ಕ, ಡೇಟ್ ದಾಟಿ ಹತ್ತು ದಿನ ಆಯ್ತು. ಸಕ್ಕರೆ ಹಾಕಿ ನೋಡಿದೆ, ಗಂಟು ಕಟ್ಟಲಿಲ್ಲ. ಹಾಗಾದ್ರೆ ಏನೂ ಇಲ್ಲ ಅಲ್ವಾ?"

ಹೊಸ ಪ್ರಶ್ನೆ ಏನಲ್ಲ. ಮೂತ್ರ ಬಿದ್ದು ಸಕ್ಕರೆ ಗಂಟು ಕಟ್ಟಿದರೆ, ಸೋಡಾ ನೊರೆ ಬಿಟ್ಟರೆ ಬಸುರು, ಇಲ್ಲದಿದ್ದರೆ ಇಲ್ಲ ಅನ್ನುವ ನಂಬಿಕೆ ಇದೆ. ಸಕ್ಕರೆ, ಉಪ್ಪು, ಅಡುಗೆ ಸೋಡಾ, ಟೂತ್‌ಪೇಸ್ಟ್, ಶಾಂಪೂ, ಎಲ್ಲದರ ಮೇಲೂ ಮೂತ್ರ ಹೊಯ್ದು ನೋಡಿ ಬಂದವರನ್ನು ನಾನು ಕಂಡಿದ್ದೇನೆ. ಮೊಬೈಲಿನಲ್ಲಿ ವಿಡಿಯೋ ಬರುತ್ತದಂತೆ, ಲಕ್ಷಗಟ್ಟಲೆ ಜನ ನೋಡುತ್ತಾರಂತೆ.

ಒಂದು ಸಲ ತಡೆಯಲಾರದೆ ನಾನೇ ಪರೀಕ್ಷೆ ಮಾಡಿದೆ. ನನ್ನದಲ್ಲ, ನಮ್ಮ ಯಜಮಾನರದ್ದು. ಸೋಡಾ ಮೇಲೆ ಹಾಕಿದ ತಕ್ಷಣ ಬುಸ್ಸೆಂದು ನೊರೆ. ವಿಡಿಯೋ ಪ್ರಕಾರ ಅವರು ಬಸುರಿ! ಹುಳಿ ಬಿದ್ದರೆ ಸೋಡಾ ನೊರೆ ಬಿಡುತ್ತದೆ, ಅಷ್ಟೇ. ಪಂದಿಕರಿಗೆ, ಅಂದರೆ ಹಂದಿ ಸಾರಿಗೆ, ಹಾಕುವ ಕಾಚಂಪುಳಿ ಅನ್ನುವ ಕಪ್ಪು ಹುಳಿರಸ ಎರಡು ಹನಿ ಬಿಟ್ಟು ನೋಡಿ, ಅದಕ್ಕೂ ಬರುತ್ತದೆ. ಮೂತ್ರದ ಹುಳಿ ಊಟದ ಮೇಲೆ, ಕುಡಿದ ನೀರಿನ ಮೇಲೆ ದಿನಕ್ಕೊಂದು ಥರ ಇರುತ್ತದೆ. ಪೇಸ್ಟ್ ಅಂತೂ ಹುಟ್ಟಿರುವುದೇ ನೊರೆ ಬರಲು. ಇನ್ನು ಸಕ್ಕರೆ? ನಮ್ಮೂರ ಮಳೆಗಾಲದಲ್ಲಿ ಡಬ್ಬದೊಳಗೆ ಕೂತಲ್ಲೇ ಗಂಟು ಕಟ್ಟುತ್ತದೆ. ಅದಕ್ಕೆ ಬಸುರು ಬೇಕಾಗಿಲ್ಲ.

ಬಸುರಾಗಿದ್ದರೆ ಮೂತ್ರದಲ್ಲಿ ಎಚ್‌ಸಿಜಿ ಅನ್ನುವ ಹಾರ್ಮೋನ್ ಇರುತ್ತದೆ. ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಂಡ ಮೇಲೆ ಶುರುವಾಗಿ, ಮೊದಮೊದಲು ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತಾ ಹೋಗುತ್ತದೆ. 1930ರ ದಶಕದಲ್ಲಿ ಇದನ್ನು ಕಂಡುಹಿಡಿಯಲು ಆಫ್ರಿಕಾದ ಒಂದು ಜಾತಿಯ ಕಪ್ಪೆಗೆ ಹೆಂಗಸಿನ ಮೂತ್ರ ಚುಚ್ಚುತ್ತಿದ್ದರು. ಬಸುರಿದ್ದರೆ ಕಪ್ಪೆ ಒಂದು ದಿನದೊಳಗೆ ಮೊಟ್ಟೆ ಇಡುತ್ತಿತ್ತು. ಪಾಪದ ಕಪ್ಪೆ, ಆದರೂ ಅದಕ್ಕೆ ಹಾರ್ಮೋನ್ ಗೊತ್ತಾಗುತ್ತಿತ್ತು. ಸಕ್ಕರೆಗೆ, ಸೋಡಾಕ್ಕೆ ಗೊತ್ತಾಗುವುದಿಲ್ಲ. ಈಗಿನ ಪ್ರೆಗ್ನೆನ್ಸಿ ಕಿಟ್‌ನಲ್ಲಿ ಅದೇ ಹಾರ್ಮೋನನ್ನು ಹಿಡಿಯುವ ಪದಾರ್ಥ ಸವರಿರುತ್ತಾರೆ. ಬೆಲೆ 50–60 ರೂಪಾಯಿ. ಆಶಾ ಕಾರ್ಯಕರ್ತೆಯರಿಗೂ ಸರ್ಕಾರದಿಂದ 'ನಿಶ್ಚಯ್' ಕಿಟ್ ಬರುತ್ತದೆ, ಅದಕ್ಕೆ ದುಡ್ಡಿಲ್ಲ.

ಸುಳ್ಳು 'ಹೌದು'ಗಿಂತ ನನಗೆ ಭಯ ಸುಳ್ಳು 'ಇಲ್ಲ' ಕಂಡರೆ. ನನ್ನ ಅಕ್ಕನ ಕಥೆ ಹೇಳುತ್ತೇನೆ. ಜುಲೈ ತಿಂಗಳು, ಗಂಡನ ಮನೆ ತೋಟದೊಳಗೆ, ಮರ ಬಿದ್ದು ದಾರಿ ಬಂದ್. ಸಕ್ಕರೆ 'ಇಲ್ಲ' ಅಂದಿತು, ನಂಬಿದಳು. ದಾರಿ ಬಿಟ್ಟ ಮೇಲೆ ಒಂದು ಅಂಗಡಿಯಲ್ಲಿ ಮುಟ್ಟಾಗುವ ಮಾತ್ರೆ ಕೇಳಿದಳು. ಅಂಗಡಿಯ ಹೆಸರು ಬೇಡ, ಆದರೆ ಡಾಕ್ಟರ ಚೀಟಿ ಕೇಳದೆ ಕೊಟ್ಟರು. ಸ್ಕ್ಯಾನಿಂಗ್ ಆದಾಗ ಒಂಬತ್ತು ವಾರ. ಮಗು ಚೆನ್ನಾಗಿ ಹುಟ್ಟಿತು ಅನ್ನಿ. ಆದರೆ ಮಾತ್ರೆ ನುಂಗಿದ ಭಯಕ್ಕೆ ಆ ಏಳು ತಿಂಗಳು ಅಕ್ಕ ನಿದ್ದೆ ಮಾಡಲಿಲ್ಲ. ಬಸುರು ಗರ್ಭಕೋಶದ ಹೊರಗೆ, ಅಂಡನಾಳದಲ್ಲಿ ನಿಂತಿದ್ದರೆ ಏನು ಗತಿ? ಮುಟ್ಟು ತಡವಾಗಿ, ಒಂದೇ ಕಡೆ ಕಿಬ್ಬೊಟ್ಟೆ ನೋವು, ರಕ್ತ, ತಲೆಸುತ್ತು ಬಂದರೆ ಕಿಟ್ ಕೂಡ ಬೇಡ, ಸೀದಾ ಆಸ್ಪತ್ರೆಗೆ ಹೋಗಿ.

ಇದಕ್ಕೆಲ್ಲ ಹೆಂಗಸರ ದಡ್ಡತನ ಕಾರಣ ಅಂತ ಬೈಯುವವರ ಜೊತೆ ನನ್ನ ಜಗಳ ಇದೆ. ನಾಚಿಕೆ ಕಾರಣ. ಆ ನಾಚಿಕೆಯನ್ನು ಅರ್ಧ ಬೆಳೆಸಿದ್ದು ನಾವು, ಅಂಗಡಿಯವರು. "ಯಾರಿಗೆ?" ಅಂತ ಕೇಳುತ್ತೇವೆ. ಕುತ್ತಿಗೆಯಲ್ಲಿ ತಾಳಿ ಇದೆಯಾ ಅಂತ ನೋಡುತ್ತೇವೆ. ಎಲ್ಲರೆದುರು ಜೋರಾಗಿ "ಪ್ರೆಗ್ನೆನ್ಸಿ ಕಿಟ್ಟಾ?" ಅಂತ ಕೂಗುತ್ತೇವೆ. ಹಾಗಿರುವಾಗ ಅಡುಗೆಮನೆಯ ಸಕ್ಕರೆ ಡಬ್ಬವೇ ವಾಸಿ ಅನಿಸದೆ ಇರುತ್ತದಾ? ಅದು ಯಾರಿಗೂ ಹೇಳುವುದಿಲ್ಲ. ಈಗ ನಾನು ಕಿಟ್ಟನ್ನು ಶಾಂಪೂ ಪ್ಯಾಕೆಟ್ ಪಕ್ಕದಲ್ಲೇ ನೇತುಹಾಕಿದ್ದೇನೆ. ಕಿತ್ತುಕೊಂಡು ದುಡ್ಡಿಟ್ಟು ಹೋಗಬಹುದು.

ಆ ಹುಡುಗಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಡೇಟ್ ದಾಟಿದ ಮೇಲೆ ಮಾಡಿ, ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಪ್ಯಾಕೆಟ್ ಪರೀಕ್ಷೆ ಮಾಡುವ ಹೊತ್ತಿಗೇ ಒಡೆಯಿರಿ, ನಮ್ಮ ಥಂಡಿಗೆ ತೆರೆದಿಟ್ಟರೆ ಕೆಡುತ್ತದೆ. ಐದು ನಿಮಿಷಕ್ಕೆ ನೋಡಿ, ಒಂದು ಗಂಟೆ ಬಿಟ್ಟು ಕಾಣುವ ಗೆರೆ ಲೆಕ್ಕಕ್ಕಿಲ್ಲ. ಕಿಟ್ ಮೇಲೆ ಬರೆದಿರುವ 'ಸಿ' ಅಕ್ಷರದ ಹತ್ತಿರ ಗೆರೆ ಬರದಿದ್ದರೆ ಆ ಕಿಟ್ಟೇ ಹಾಳು. 'ಟಿ' ಹತ್ತಿರವೂ ಗೆರೆ ಬಂದರೆ ಬಸುರು, ಮಸುಕಾಗಿ ಬಂದರೂ ಬಂದ ಹಾಗೇ. ಬರಲೇ ಇಲ್ಲ, ಮುಟ್ಟೂ ಆಗಲಿಲ್ಲ ಅಂದರೆ ಮೂರ್ನಾಲ್ಕು ದಿನ ಬಿಟ್ಟು ಇನ್ನೊಂದು ಮಾಡಿ. ಥೈರಾಯ್ಡ್, ಪಿಸಿಓಡಿ ಅನ್ನುವ ಅಂಡಾಶಯದ ತೊಂದರೆ, ಟೆನ್ಷನ್ ಇದ್ದರೂ ಡೇಟ್ ಮುಂದೆ ಹೋಗುತ್ತದೆ.

ಎಲ್ಲ ಕೇಳಿದ ಮೇಲೆ ಅವಳು ಮೆಲ್ಲಗೆ ಅಂದಳು, "ತೋಟದ ಕೆಲಸದವರ ಲೈನ್ ಮನೆಯಲ್ಲಿ ನಾಲ್ಕು ಮನೆಗೆ ಒಂದೇ ಬಾತ್‌ರೂಮ್ ಅಕ್ಕ. ಬೆಳಿಗ್ಗೆ ಎಲ್ಲರೂ ಹೊರಗೆ ಕಾಯ್ತಿರ್ತಾರೆ. ಐದು ನಿಮಿಷ ಎಲ್ಲಿಂದ ತರಲಿ?"

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಹತ್ತು ದಿನ ತಡವಾಗಿದ್ದರೆ ಬೆಳಿಗ್ಗೆಯೇ ಆಗಬೇಕೆಂದಿಲ್ಲ, ಜಾಸ್ತಿ ನೀರು ಕುಡಿದಿರಬಾರದು ಅಷ್ಟೇ. ಅಂಗಡಿ ಹಿಂದಿನ ಬಾತ್‌ರೂಮಿನ ಕೀ ಕೊಟ್ಟೆ. ಆ ಕೀ ಈಗ ಗಲ್ಲಾಪೆಟ್ಟಿಗೆಯ ಪಕ್ಕದ ಮೊಳೆಯಲ್ಲೇ ಇರುತ್ತದೆ. ಬೇಕಾದವರು ತಗೊಳ್ಳಿ, ಯಾರಿಗೆ ಅಂತ ಕೇಳುವುದಿಲ್ಲ.